‘ವರೆಗೆ’ ಎಂದರೆ ಎಲ್ಲಿಯವರೆಗೆ? ಡೇಟಾಬೇಸಿನಲ್ಲಿ ಅವಧಿ ಮತ್ತು ಅಂತರಗಳ ದೋಷ ನಿವಾರಣೆ

ಹುಬ್ಬಳ್ಳಿಯ ಒಂದು ಕಲ್ಯಾಣ ಮಂಟಪದ ಬುಕಿಂಗ್, ಬ್ಯಾಡಗಿಯ ಒಂದು ಶೀತಲಗೃಹದ ಮೆಣಸಿನಕಾಯಿ ದಾಸ್ತಾನು, ಗದಗಿನ ಗುತ್ತಿಗೆದಾರರೊಬ್ಬರ ರಸ್ತೆ ಕಾಮಗಾರಿಯ ಲೆಕ್ಕ, ಈ ಮೂರರ ಡೇಟಾಬೇಸುಗಳನ್ನು ನೋಡಿಕೊಳ್ಳುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗಿದೆ. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲ. ಆದರೆ ದೂರು ಬಂದು ಹುಡುಕುತ್ತ ಹೋದರೆ ಮೂರರಲ್ಲೂ ಮೂಲ ಹೆಚ್ಚುಕಡಿಮೆ ಒಂದೇ ಕಡೆ ಸಿಕ್ಕುತ್ತದೆ. ‘ಇಲ್ಲಿಂದ ಅಲ್ಲಿಯವರೆಗೆ’ ಎಂಬುದನ್ನು ಎರಡು ಕಾಲಂಗಳಲ್ಲಿ ಬರೆದಿಟ್ಟವರು, ಆ ‘ವರೆಗೆ’ಯೊಳಗೆ ಕೊನೆಯ ಬಿಂದು ಸೇರಿದೆಯೋ ಇಲ್ಲವೋ ಎಂಬುದನ್ನು ಎಲ್ಲೂ ಬರೆದಿಟ್ಟಿರುವುದಿಲ್ಲ. ‘12ನೇ ತಾರೀಖಿನವರೆಗೆ’ ಎಂದರೆ ಬಾಡಿಗೆಗೆ ಹಿಡಿದವರ ಲೆಕ್ಕದಲ್ಲಿ 12ನೇ ತಾರೀಖೂ ಅವರದೇ. ಮಾಲೀಕರ ಲೆಕ್ಕದಲ್ಲಿ 12ರ ಬೆಳಿಗ್ಗೆ ಜಾಗ ಖಾಲಿಯಾಗಿರಬೇಕು. ಮನುಷ್ಯರು ಇದನ್ನು ಫೋನಿನಲ್ಲಿ ಕೇಳಿ ಬಗೆಹರಿಸಿಕೊಳ್ಳುತ್ತಾರೆ. ಡೇಟಾಬೇಸಿಗೆ ಆ ಅನುಕೂಲವಿಲ್ಲ.

ಈ ಕೈಪಿಡಿಯನ್ನು ದೂರಿನ ರೂಪದಲ್ಲಿಯೇ ವಿಂಗಡಿಸಿದ್ದೇನೆ. ಉದಾಹರಣೆಗಳು ಮುಖ್ಯವಾಗಿ ಪೋಸ್ಟ್‌ಗ್ರೆಸ್‌ಕ್ಯೂಎಲ್ (ಚಿಕ್ಕದಾಗಿ ಪೋಸ್ಟ್‌ಗ್ರೆಸ್) ಎಂಬ ಡೇಟಾಬೇಸ್ ತಂತ್ರಾಂಶಕ್ಕೆ ಸಂಬಂಧಿಸಿವೆ. ಏಕೆಂದರೆ ಆರಂಭ ಮತ್ತು ಅಂತ್ಯಗಳನ್ನು ಒಂದೇ ಮೌಲ್ಯವಾಗಿ ಹಿಡಿದಿಡುವ ರೇಂಜ್ ಟೈಪ್‌ಗಳು 2012ರ 9.2 ಆವೃತ್ತಿಯಿಂದಲೇ ಅದರಲ್ಲಿವೆ. ಮೈಎಸ್‌ಕ್ಯೂಎಲ್ ಮತ್ತು ಮಾರಿಯಾಡಿಬಿ ಬೇರೆ ದಾರಿ ಹಿಡಿಯುವ ಕಡೆ ಅದನ್ನು ಹೇಳಿದ್ದೇನೆ.

ಮುಟ್ಟುವ ಮೊದಲು

ದೋಷ ಹುಡುಕುವಾಗ ಓದುವ ಕ್ವೆರಿಗಳನ್ನು (ಡೇಟಾಬೇಸಿಗೆ ಕೇಳುವ ಪ್ರಶ್ನೆಗಳನ್ನು) ಮಾತ್ರ ನಡೆಸಬೇಕು. ಸಾಲುಗಳನ್ನು ತಿದ್ದುವ ಹಂತ ಬಂದಾಗ ಮೊದಲು ಬ್ಯಾಕಪ್ ತೆಗೆದು, ಅದನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿರಬೇಕು. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಿದ್ದುಪಡಿಯನ್ನು ಟ್ರಾನ್ಸಾಕ್ಷನ್ನಿನೊಳಗೆ ನಡೆಸಿ, ಎಷ್ಟು ಸಾಲು ಬದಲಾದವು ಎಂಬ ಸಂಖ್ಯೆ ನೀವು ಮೊದಲೇ ಎಣಿಸಿದ್ದಕ್ಕೆ ತಾಳೆಯಾದರೆ ಮಾತ್ರ ಕಮಿಟ್ ಮಾಡಿ (ಖಾಯಂಗೊಳಿಸಿ), ಇಲ್ಲದಿದ್ದರೆ ರೋಲ್‌ಬ್ಯಾಕ್ ಮಾಡಿ (ಹಿಂದಿನ ಸ್ಥಿತಿಗೆ ಮರಳಿಸಿ). ಇನ್ನೊಂದು ಎಚ್ಚರಿಕೆಯನ್ನು ಅನುಭವಿಗಳೂ ಮರೆಯುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ‘ಎಕ್ಸ್‌ಪ್ಲೇನ್ ಅನಲೈಸ್’ ಎಂಬುದು ಕ್ವೆರಿಯ ಯೋಜನೆಯನ್ನು ತೋರಿಸುವುದಷ್ಟೇ ಅಲ್ಲ, ಆ ಕ್ವೆರಿಯನ್ನು ನಿಜವಾಗಿಯೂ ನಡೆಸುತ್ತದೆ. ಅಳಿಸುವ ಆದೇಶದ ಮುಂದೆ ಅದನ್ನು ಬರೆದರೆ ಸಾಲುಗಳು ಅಳಿಸಿಹೋಗುತ್ತವೆ.

ಲಕ್ಷಣ: ಒಂದೇ ಮಂಟಪ ಒಂದೇ ಹೊತ್ತಿಗೆ ಇಬ್ಬರಿಗೆ ಬುಕ್ ಆಗಿದೆ

ಮೊದಲು ಆ ಎರಡು ಸಾಲುಗಳನ್ನು ಕಣ್ಣಾರೆ ನೋಡಿ. ಎರಡರಲ್ಲೂ ಮಂಟಪದ ಗುರುತಿನ ಸಂಖ್ಯೆ ಒಂದೇ ಇದೆಯೇ? ‘ಮೇಲಿನ ಹಾಲ್’ ಮತ್ತು ‘ಮೇಲಿನ ಸಭಾಂಗಣ’ ಎಂದು ಒಂದೇ ಜಾಗಕ್ಕೆ ಎರಡು ದಾಖಲೆಗಳಿದ್ದರೆ ಅವಧಿಯ ಪರೀಕ್ಷೆ ಎಷ್ಟೇ ಸರಿಯಿದ್ದರೂ ಪ್ರಯೋಜನವಿಲ್ಲ. ‘ಇಡೀ ಮಂಟಪ’ ಎಂಬ ಆಯ್ಕೆ ಇರುವ ಕಡೆ, ಊಟದ ಹಾಲನ್ನು ಬೇರೆ ಗುರುತಿನಲ್ಲಿ ಇನ್ನೊಬ್ಬರಿಗೆ ಕೊಟ್ಟಿರುವುದೂ ಉಂಟು. ರದ್ದಾದ ಬುಕಿಂಗನ್ನು ಯಾರೋ ಮತ್ತೆ ಜೀವಂತ ಮಾಡಿರಬಹುದು. ಈ ಮೂರನ್ನು ನೋಡಲು ಐದು ನಿಮಿಷ ಸಾಕು, ಖರ್ಚೇನೂ ಇಲ್ಲ.

ಇವು ಸರಿಯಿದ್ದರೆ ಪರೀಕ್ಷೆಯ ಷರತ್ತನ್ನು ಓದಿ. ನಾನು ಕಂಡಿರುವ ತಪ್ಪುಗಳಲ್ಲಿ ಬಹುಪಾಲು ಈ ಬಗೆಯವು: ಹೊಸ ಬುಕಿಂಗಿನ ಆರಂಭ ಹಳೆಯದರ ಒಳಗೆ ಬೀಳುತ್ತದೆಯೇ, ಅಥವಾ ಹೊಸದರ ಅಂತ್ಯ ಹಳೆಯದರ ಒಳಗೆ ಬೀಳುತ್ತದೆಯೇ ಎಂದಷ್ಟೇ ಕೇಳಿರುತ್ತಾರೆ. 2025ರ ಅಕ್ಷಯ ತೃತೀಯ ಏಪ್ರಿಲ್ 30ಕ್ಕೆ ಬಂದಿತ್ತು. ಒಬ್ಬರು 29ರ ಸಂಜೆ 5ರಿಂದ 30ರ ಸಂಜೆ 4ರವರೆಗೆ ಹಿಡಿದಿದ್ದಾರೆ ಎಂದುಕೊಳ್ಳಿ. ಎರಡು ದಿನದ ಮದುವೆಯ ಇನ್ನೊಬ್ಬರು 29ರ ಬೆಳಿಗ್ಗೆ 6ರಿಂದ ಮೇ 1ರ ಬೆಳಿಗ್ಗೆ 10ರವರೆಗೆ ಕೇಳುತ್ತಾರೆ. ಹೊಸದರ ಎರಡೂ ತುದಿಗಳು ಹಳೆಯದರ ಹೊರಗಿವೆ, ಆದರೆ ಹಳೆಯದು ಪೂರ್ತಿಯಾಗಿ ಹೊಸದರ ಹೊಟ್ಟೆಯೊಳಗಿದೆ. ಪರೀಕ್ಷೆ ‘ಖಾಲಿ ಇದೆ’ ಎನ್ನುತ್ತದೆ.

ಸರಿಯಾದ ಷರತ್ತು ಚಿಕ್ಕದು: ಅ.ಆರಂಭ < ಬ.ಅಂತ್ಯ ಮತ್ತು ಬ.ಆರಂಭ < ಅ.ಅಂತ್ಯ. ಎರಡರಲ್ಲಿ ಪ್ರತಿಯೊಂದೂ ಇನ್ನೊಂದು ಮುಗಿಯುವ ಮೊದಲೇ ಶುರುವಾಗಿದ್ದರೆ ಅವು ಡಿಕ್ಕಿ ಹೊಡೆಯುತ್ತವೆ, ಅಷ್ಟೇ. ಎರಡು ಅವಧಿಗಳ ನಡುವೆ 13 ಬಗೆಯ ಸಂಬಂಧಗಳು ಸಾಧ್ಯ ಎಂದು ಗಣಕ ವಿಜ್ಞಾನಿ ಜೇಮ್ಸ್ ಆಲನ್ 1983ರಲ್ಲಿ ಪಟ್ಟಿ ಮಾಡಿದರು. ಅವುಗಳಲ್ಲಿ ಒಂಬತ್ತರಲ್ಲಿ ಡಿಕ್ಕಿಯಿದೆ, ನಾಲ್ಕರಲ್ಲಿ ಮಾತ್ರ ಇಲ್ಲ: ಮೊದಲೇ ಮುಗಿದದ್ದು, ಆಮೇಲೆ ಶುರುವಾದದ್ದು, ಮತ್ತು ಒಂದರ ಅಂತ್ಯಕ್ಕೆ ಇನ್ನೊಂದರ ಆರಂಭ ತಾಗಿ ನಿಂತ ಎರಡು ಬಗೆ. ಒಂಬತ್ತನ್ನು ಒಂದೊಂದಾಗಿ ಬರೆಯಹೋದವರು ಒಂದನ್ನು ಮರೆಯುತ್ತಾರೆ. ನಾಲ್ಕನ್ನು ನಿರಾಕರಿಸಿದರೆ ಮೇಲಿನ ಎರಡು ಹೋಲಿಕೆಗಳಷ್ಟೇ ಉಳಿಯುತ್ತವೆ.

ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್ ಮಾನಕದ ‘ಓವರ್‌ಲ್ಯಾಪ್ಸ್’ ಪದ ಪೋಸ್ಟ್‌ಗ್ರೆಸ್‌ನಲ್ಲಿದೆ, ಆದರೆ ಅದಕ್ಕೊಂದು ಗುಣವಿದೆ. ಆರಂಭ ಮತ್ತು ಅಂತ್ಯ ಅದಲುಬದಲಾಗಿದ್ದರೆ ಅದು ತಕರಾರೆತ್ತದೆ ತಾನೇ ಸರಿಮಾಡಿಕೊಂಡು ಉತ್ತರ ಕೊಡುತ್ತದೆ. ಇದರಿಂದ ಕೆಟ್ಟ ಸಾಲುಗಳು ಕಣ್ಣಿಗೆ ಬೀಳದೆ ಉಳಿಯುತ್ತವೆ. ಆದ್ದರಿಂದ ನಾನು ಅದನ್ನು ಬಳಸುವುದಿಲ್ಲ. ರೇಂಜ್ ಟೈಪ್ ಆದರೆ ತಲೆಕೆಳಗಾದ ಅವಧಿಯನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಲಕ್ಷಣ: ಷರತ್ತು ಸರಿಯಿದೆ, ಆದರೂ ವರ್ಷಕ್ಕೊಮ್ಮೆ ಎರಡೆರಡು ಬುಕಿಂಗ್ ಆಗುತ್ತದೆ

ಎರಡೂ ಸಾಲುಗಳು ಸೇರಿಕೊಂಡ ಹೊತ್ತನ್ನು ನೋಡಿ. ಅವು ಒಂದೆರಡು ಸೆಕೆಂಡುಗಳ ಅಂತರದಲ್ಲಿದ್ದರೆ ತಪ್ಪು ಷರತ್ತಿನದಲ್ಲ, ಏಕಕಾಲತೆಯದು. ಕೌಂಟರಿನಲ್ಲಿ ಕುಳಿತವರು ಒಂದು ಕಡೆಯಿಂದ, ಮಾಲೀಕರು ಮೊಬೈಲಿನಿಂದ ಇನ್ನೊಂದು ಕಡೆ ಅದೇ ಮುಹೂರ್ತವನ್ನು ತುಂಬುತ್ತಾರೆ. ಇಬ್ಬರ ಪರೀಕ್ಷೆಯೂ ‘ಖಾಲಿ’ ಎನ್ನುತ್ತದೆ, ಏಕೆಂದರೆ ಒಬ್ಬರು ಕಮಿಟ್ ಮಾಡುವವರೆಗೆ ಅವರ ಸಾಲು ಇನ್ನೊಬ್ಬರಿಗೆ ಕಾಣುವುದಿಲ್ಲ. ಪ್ರೋಗ್ರಾಮಿನಲ್ಲಿ ಎಷ್ಟು ಪರೀಕ್ಷೆ ಸೇರಿಸಿದರೂ ಈ ಕಿಂಡಿ ಮುಚ್ಚುವುದಿಲ್ಲ. ಮುಚ್ಚಬೇಕಾದದ್ದು ಡೇಟಾಬೇಸಿನ ಒಳಗೆ.

ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಎಂಬ ನಿರ್ಬಂಧವಿದೆ: ಮಂಟಪದ ಸಂಖ್ಯೆ ಸಮನಾಗಿದ್ದು, ಅವಧಿಗಳು && ಚಿಹ್ನೆಯ ಪ್ರಕಾರ ಒಂದನ್ನೊಂದು ಹಾಯುವ ಎರಡು ಸಾಲುಗಳು ಇರಕೂಡದು ಎಂದು ಅದರಲ್ಲಿ ಬರೆಯಬಹುದು. ಸಂಖ್ಯೆಯ ಸಮಾನತೆಯನ್ನು ಅದೇ ಇಂಡೆಕ್ಸಿನಲ್ಲಿ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿಯಲ್ಲಿ) ಸೇರಿಸಲು ‘ಬಿಟ್ರೀ ಜಿಸ್ಟ್’ ವಿಸ್ತರಣೆಯನ್ನು ಮೊದಲು ಹಾಕಿಕೊಳ್ಳಬೇಕು. ರದ್ದಾದ ಬುಕಿಂಗುಗಳನ್ನು ಹೊರಗಿಡಲು ನಿರ್ಬಂಧಕ್ಕೆ ಷರತ್ತನ್ನೂ ಜೋಡಿಸಬಹುದು. 2025ರಲ್ಲಿ ಬಂದ 18ನೇ ಆವೃತ್ತಿಯಲ್ಲಿ ಪ್ರತಿ ಸಾಲನ್ನು ಗುರುತಿಸುವ ಪ್ರೈಮರಿ ಕೀಯಲ್ಲಿಯೇ ‘ವಿದೌಟ್ ಓವರ್‌ಲ್ಯಾಪ್ಸ್’ ಎಂದು ಬರೆಯುವ ಅವಕಾಶವಿದೆ. ಮಾರಿಯಾಡಿಬಿಯಲ್ಲಿ ಇದೇ ಮಾತು 10.5ರ ಸರಣಿಯಿಂದ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ ಇಂಥದ್ದಿಲ್ಲ. ಅಲ್ಲಿ ಮಂಟಪಗಳ ಕೋಷ್ಟಕದಲ್ಲಿರುವ ಆ ಮಂಟಪದ ಸಾಲನ್ನು ‘ಫಾರ್ ಅಪ್‌ಡೇಟ್’ ಎಂದು ಮೊದಲು ಲಾಕ್ ಮಾಡಿ, ಆಮೇಲೆ ಪರೀಕ್ಷಿಸಿ, ಆಮೇಲೆ ಬುಕಿಂಗ್ ಸೇರಿಸಬೇಕು. ಬುಕಿಂಗ್ ಸೇರಿಸುವ ಒಂದೇ ಒಂದು ಪ್ರೋಗ್ರಾಂ ಈ ಶಿಸ್ತನ್ನು ಮುರಿದರೂ ದೋಷ ಮರಳಿ ಬರುತ್ತದೆ.

ನಿರ್ಬಂಧ ಹಾಕುವಾಗ ಮೂರು ಸಂಗತಿಗಳು ನೆನಪಿರಲಿ. ಇಂಡೆಕ್ಸ್ ಕಟ್ಟುವಷ್ಟು ಹೊತ್ತು ಕೋಷ್ಟಕ ಪೂರ್ತಿ ಲಾಕ್ ಆಗುತ್ತದೆ, ಹಾಗಾಗಿ ಮುಹೂರ್ತದ ದಿನ ಹಗಲಿನಲ್ಲಿ ಇದಕ್ಕೆ ಕೈಹಾಕಬಾರದು. ಹಳೆಯ ಡಿಕ್ಕಿಗಳು ಇದ್ದರೆ ನಿರ್ಬಂಧ ಕೂರುವುದೇ ಇಲ್ಲ. ‘ಹಳೆಯದನ್ನು ಬಿಟ್ಟು ಇನ್ನು ಮುಂದೆ ನೋಡು’ ಎನ್ನುವ ಸೌಲಭ್ಯ ಈ ಬಗೆಯ ನಿರ್ಬಂಧಕ್ಕಿಲ್ಲ. ಮೂರನೆಯದು ಸೂಕ್ಷ್ಮವಾದದ್ದು: ಆರಂಭವೂ ಅಂತ್ಯವೂ ಒಂದೇ ಆಗಿರುವ ಅರೆತೆರೆದ (ಆರಂಭ ಸೇರಿ, ಅಂತ್ಯ ಸೇರದ) ಅವಧಿ ಪೋಸ್ಟ್‌ಗ್ರೆಸ್‌ನ ದೃಷ್ಟಿಯಲ್ಲಿ ಖಾಲಿ ಅವಧಿ. ಖಾಲಿ ಅವಧಿ ಯಾವುದಕ್ಕೂ ಡಿಕ್ಕಿ ಹೊಡೆಯುವುದಿಲ್ಲವಾದ್ದರಿಂದ ಅಂಥ ಬುಕಿಂಗುಗಳು ಎಷ್ಟಾದರೂ ಒಳಗೆ ಸೇರಿಕೊಳ್ಳುತ್ತವೆ. ನಲ್ (ಮೌಲ್ಯವನ್ನೇ ತುಂಬದಿರುವುದು) ಇರುವ ಅವಧಿಯೂ ಹೀಗೆಯೇ ನುಸುಳುತ್ತದೆ. ಆದ್ದರಿಂದ ಅವಧಿ ಖಾಲಿಯಿರಬಾರದು, ನಲ್ ಇರಬಾರದು ಎಂಬ ಎರಡು ಸಾದಾ ಚೆಕ್‌ಗಳನ್ನು ಜೊತೆಗೇ ಹಾಕಿ. ನಿರ್ಬಂಧ ಮುರಿದಾಗ ಬರುವ 23ಪಿ01 ಎಂಬ ದೋಷಸಂಕೇತವನ್ನು ಪ್ರೋಗ್ರಾಂ ಹಿಡಿದು, ‘ಈ ಹೊತ್ತು ಈಗಷ್ಟೇ ತುಂಬಿದೆ’ ಎಂದು ತೋರಿಸಬೇಕು.

ಇಲ್ಲಿ ನಿಲ್ಲಬೇಕಾದ ಒಂದು ಗೆರೆಯಿದೆ. ಈಗಾಗಲೇ ಡಿಕ್ಕಿಯಾಗಿರುವ ಎರಡು ಬುಕಿಂಗುಗಳಲ್ಲಿ ಯಾವುದು ಉಳಿಯಬೇಕೆಂಬುದನ್ನು ನೀವು ತೀರ್ಮಾನಿಸಬೇಡಿ. ಇಬ್ಬರೂ ಮುಂಗಡ ಕೊಟ್ಟಿರುತ್ತಾರೆ, ಇಬ್ಬರ ಮನೆಯಲ್ಲೂ ಲಗ್ನಪತ್ರಿಕೆ ಅಚ್ಚಾಗಿರುತ್ತದೆ. ಪಟ್ಟಿಯನ್ನು ಮಾಲೀಕರ ಕೈಗೆ ಕೊಟ್ಟು, ಅವರು ಬರೆದು ಕೊಟ್ಟದ್ದನ್ನಷ್ಟೇ ಜಾರಿಗೆ ತನ್ನಿ.

ಲಕ್ಷಣ: ಹಿಂದಿನವರು 4ಕ್ಕೆ ಬಿಟ್ಟರೂ 4ರಿಂದ ಕೊಡಲು ಆಗುತ್ತಿಲ್ಲ, ಅಥವಾ ಬಿಲ್ಲಿನಲ್ಲಿ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ

ಇವು ಬೇರೆ ಬೇರೆ ದೂರುಗಳಂತೆ ಕಂಡರೂ ‘ವರೆಗೆ’ಯ ಅಸ್ಪಷ್ಟತೆಯ ಎರಡು ಮುಖಗಳು. ಮೊದಲು ಷರತ್ತಿನಲ್ಲಿ < ಇರಬೇಕಾದ ಕಡೆ <= ಇದೆಯೇ ಎಂದು ನೋಡಿ. ‘ಬಿಟ್ವೀನ್’ ಪದ ಎರಡೂ ತುದಿಗಳನ್ನು ಒಳಗೆ ಸೇರಿಸಿಕೊಳ್ಳುತ್ತದೆ; ದಿನದ ವರದಿಗೆ ಅದನ್ನು ಬಳಸಿದ್ದರೆ ನಡುರಾತ್ರಿ ಸರಿಯಾಗಿ 12ಕ್ಕೆ ದಾಖಲಾದ ಸಾಲು ಎರಡು ದಿನಗಳ ಲೆಕ್ಕಕ್ಕೂ ಬರುತ್ತದೆ.

ಇದನ್ನು ತಪ್ಪಿಸಲು ಹಲವರು ಅಂತ್ಯವನ್ನು 23:59:59 ಎಂದು ಬರೆಯುತ್ತಾರೆ. ಆ ಕೊನೆಯ ಸೆಕೆಂಡಿನೊಳಗಿನ ಭಿನ್ನಾಂಶದಲ್ಲಿ ಬಂದ ದಾಖಲೆ ಯಾವ ದಿನಕ್ಕೂ ಸೇರದೆ ಹೋಗುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಭಿನ್ನಾಂಶವಿಲ್ಲದ ಡೇಟ್‌ಟೈಮ್ ಕಾಲಂಗೆ 23:59:59.9 ಎಂದು ಕಳಿಸಿದರೆ ಅದು ಪೂರ್ಣಾಂಕವಾಗುವಾಗ ಮರುದಿನಕ್ಕೆ ದಾಟಿಬಿಡುತ್ತದೆ. ಇಂಥ ತೇಪೆಗಳನ್ನು ಕಂಡಲ್ಲಿ ತೆಗೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಸಂಗ್ರಹದಲ್ಲಿ ಯಾವಾಗಲೂ ಆರಂಭ ಸೇರಿರಲಿ, ಅಂತ್ಯ ಸೇರದಿರಲಿ, ಅಂದರೆ [ಆರಂಭ, ಅಂತ್ಯ) ಎಂಬ ಅರೆತೆರೆದ ರೂಪವಿರಲಿ; ಪರದೆಯ ಮೇಲೆ ಜನರಿಗೆ ಒಗ್ಗುವ ರೂಪವನ್ನು ತೋರಿಸುವ ಹೊಣೆ ಪ್ರೋಗ್ರಾಮಿನದಾಗಲಿ. ಹೀಗೆ ಬರೆದ ಅವಧಿಗಳು ಒಂದರ ಅಂತ್ಯಕ್ಕೆ ಇನ್ನೊಂದರ ಆರಂಭ ಹೊಂದಿಕೊಂಡು ಕೂರುತ್ತವೆ, ಉದ್ದ ಬೇಕಾದರೆ ಸುಮ್ಮನೆ ಕಳೆದರಾಯಿತು.

ಪೋಸ್ಟ್‌ಗ್ರೆಸ್ ಈ ರೂಪವನ್ನು ತಾರೀಖುಗಳ ಮೇಲೆ ತಾನೇ ಹೇರುತ್ತದೆ. ಏಪ್ರಿಲ್ 10ರಿಂದ 12, ಎರಡೂ ಸೇರಿ ಎಂದು ಡೇಟ್‌ರೇಂಜಿಗೆ ಕೊಟ್ಟರೆ ಅದು [10, 13) ಎಂದು ಹಿಂದಿರುಗಿಸುತ್ತದೆ. ಬ್ಯಾಡಗಿಯ ಶೀತಲಗೃಹದಲ್ಲಿ ಇದನ್ನು ತಿಳಿಯದವರೊಬ್ಬರು ಮೇಲಿನ ತುದಿಯನ್ನು ‘ಸರಕು ಎತ್ತಿದ ದಿನ’ ಎಂದು ರಸೀದಿಯಲ್ಲಿ ಮುದ್ರಿಸಿದ್ದರು, 12ಕ್ಕೆ ಚೀಲ ಒಯ್ದ ರೈತರ ರಸೀದಿಯಲ್ಲಿ 13 ಎಂದಿತ್ತು. ಬಾಡಿಗೆಯ ಮೊತ್ತ ಸರಿಯಿತ್ತು, ತಾರೀಖು ಮಾತ್ರ ತಪ್ಪಿತ್ತು. ಆದರೂ ನಂಬಿಕೆ ಹೋದದ್ದು ಮೊತ್ತದ ಮೇಲೆಯೇ. ತೋರಿಸುವಾಗ ಒಂದು ದಿನ ಕಳೆಯುವುದೇ ಪರಿಹಾರ, ಸಂಗ್ರಹವನ್ನು ಮುಟ್ಟುವ ಅಗತ್ಯವಿಲ್ಲ.

ಲಕ್ಷಣ: ಹೊತ್ತು ಸರಿದಿದೆ

ಎಷ್ಟು ಸರಿದಿದೆ ಎಂಬುದೇ ಇಲ್ಲಿ ಅತ್ಯುತ್ತಮ ಸುಳಿವು, ಮೊದಲು ಅದನ್ನು ಅಳೆಯಿರಿ.

ಐದೂವರೆ ತಾಸು ಸರಿದಿದ್ದರೆ ಜಾಗತಿಕ ಆಧಾರ ಸಮಯವಾದ ಯುಟಿಸಿ ಮತ್ತು ಭಾರತೀಯ ಸಮಯದ ನಡುವೆ ಒಂದು ಪರಿವರ್ತನೆ ತಪ್ಪಿದೆ, ಇಲ್ಲವೇ ಬೇಡದ ಒಂದು ಪರಿವರ್ತನೆ ಆಗಿದೆ. ಹನ್ನೊಂದು ತಾಸು ಸರಿದಿದ್ದರೆ ಅದು ತಪ್ಪು ದಿಕ್ಕಿನಲ್ಲಿ ನಡೆದಿದೆ, ಅಂದರೆ ಕಳೆಯಬೇಕಾದಲ್ಲಿ ಕೂಡಿದ್ದಾರೆ. ಮೂರೂವರೆ ತಾಸು ಸರಿದಿದ್ದರೆ ಯಾರೋ ಸಮಯದ ಮುಂದೆ ‘ಐಎಸ್‌ಟಿ’ ಎಂದು ಬರೆದಿದ್ದಾರೆ. ಪೋಸ್ಟ್‌ಗ್ರೆಸ್‌ನ 18ಕ್ಕಿಂತ ಹಿಂದಿನ ಆವೃತ್ತಿಗಳ ಮೂಲ ಹೊಂದಾಣಿಕೆಯಲ್ಲಿ ಆ ಮೂರಕ್ಷರಕ್ಕೆ ಇಸ್ರೇಲಿನ ಸಮಯವೆಂದು ಅರ್ಥ, ಅದು ಯುಟಿಸಿಗಿಂತ ಎರಡು ತಾಸಷ್ಟೇ ಮುಂದಿದೆ. ಬೆಳಿಗ್ಗೆ 10 ಎಂದು ಬರೆದದ್ದು ಮಧ್ಯಾಹ್ನ ಒಂದೂವರೆಯಾಗಿ ಕಾಣುತ್ತದೆ. ಸಂಕ್ಷೇಪಾಕ್ಷರ ಬಿಟ್ಟು ‘ಏಷ್ಯಾ/ಕೋಲ್ಕತಾ’ ಎಂಬ ಪೂರ್ಣ ಹೆಸರನ್ನು ಬಳಸಿದರೆ ಈ ಗೊಂದಲವಿರುವುದಿಲ್ಲ.

ಅಗ್ಗದ ಪರೀಕ್ಷೆಯೆಂದರೆ ಟೈಮ್‌ಝೋನ್ ಏನಿದೆ ಎಂದು ಡೇಟಾಬೇಸನ್ನೇ ಕೇಳುವುದು. ಆದರೆ ನಿಮ್ಮ ಟರ್ಮಿನಲಿನಿಂದಲ್ಲ, ಪ್ರೋಗ್ರಾಂ ಬಳಸುವ ಸಂಪರ್ಕದ ಮೂಲಕವೇ ಕೇಳಬೇಕು, ಎರಡೂ ಬೇರೆಯಿರಬಹುದು. ಪೋಸ್ಟ್‌ಗ್ರೆಸ್‌ನ ‘ಟೈಮ್‌ಝೋನ್ ಸಹಿತ’ ಕಾಲಂ ಹೆಸರಿಗೆ ತಕ್ಕಂತೆ ಝೋನನ್ನು ಇಟ್ಟುಕೊಳ್ಳುವುದಿಲ್ಲ. ಅದು ಕ್ಷಣವನ್ನು ಯುಟಿಸಿಯಲ್ಲಿಟ್ಟು, ಕೇಳಿದವರ ಸಂಪರ್ಕದ ಝೋನಿಗೆ ತಕ್ಕಂತೆ ತೋರಿಸುತ್ತದೆ. ‘ರಹಿತ’ ಕಾಲಂ ಗೋಡೆಯ ಗಡಿಯಾರದ ಅಂಕಿಗಳನ್ನಷ್ಟೇ ಇಡುತ್ತದೆ. ಮೈಎಸ್‌ಕ್ಯೂಎಲ್‌ನ ಟೈಮ್‌ಸ್ಟಾಂಪ್ ಮೊದಲನೆಯದರಂತೆ, ಡೇಟ್‌ಟೈಮ್ ಎರಡನೆಯದರಂತೆ.

ಸೋಜಿಗದ ಒಂದು ಪ್ರಸಂಗವೆಂದರೆ ನಸುಕಿನ ಮುಹೂರ್ತದ್ದು. ಏಪ್ರಿಲ್ 30ರ ಬೆಳಿಗ್ಗೆ 4:45 ಯುಟಿಸಿಯಲ್ಲಿ 29ರ ರಾತ್ರಿ 11:15. ಸಂಪರ್ಕದ ಝೋನ್ ಯುಟಿಸಿ ಆಗಿದ್ದು ಪ್ರೋಗ್ರಾಂ ಕ್ಷಣದಿಂದ ತಾರೀಖನ್ನು ಮಾತ್ರ ಕಿತ್ತುಕೊಂಡರೆ ಆ ಮದುವೆ ಹಿಂದಿನ ದಿನದ ಪಟ್ಟಿಯಲ್ಲಿ ಬೀಳುತ್ತದೆ. ಹಗಲಿನ ಬುಕಿಂಗುಗಳೆಲ್ಲ ಸರಿಯಿದ್ದು ನಸುಕಿನವು ಮಾತ್ರ ತಪ್ಪಿದ್ದರೆ ಕಾರಣ ಇದೇ. ಯುಟಿಸಿಯ ದಿನ ನಮ್ಮಲ್ಲಿ ಬೆಳಿಗ್ಗೆ 5:30ಕ್ಕೆ ಬದಲಾಗುತ್ತದೆ, ಪಂಚಾಂಗದ ದಿನ ಸೂರ್ಯೋದಯಕ್ಕೆ ಬದಲಾಗುತ್ತದೆ. ಹಾಗಾಗಿ ಈ ತಪ್ಪು ವರದಿಯನ್ನು ನೋಡಿದ ಪುರೋಹಿತರೊಬ್ಬರಿಗೆ ಅದರಲ್ಲಿ ದೋಷವೇ ಕಾಣಲಿಲ್ಲ! ಲೆಕ್ಕಪತ್ರಕ್ಕೆ ಮಾತ್ರ ಅದು ತಪ್ಪೇ.

ಪರಿಹಾರದಲ್ಲಿ ದುಡುಕಬಾರದು. ಇಡೀ ಕೋಷ್ಟಕಕ್ಕೆ ಐದೂವರೆ ತಾಸು ಕೂಡಿಸುವ ಆದೇಶ ಬರೆಯಲು ಒಂದು ಸಾಲು ಸಾಕು, ಅದರಿಂದಾಗುವ ಹಾನಿಗೆ ವಾರಗಟ್ಟಲೆ ದುಡಿಯಬೇಕು. ಸರ್ವರ್ ಬದಲಿಸಿದ ದಿನದಿಂದ ಮಾತ್ರ ಸಾಲುಗಳು ಕೆಟ್ಟಿರಬಹುದು, ಅಥವಾ ಮೊಬೈಲಿನಿಂದ ಬಂದವು ಮಾತ್ರ ಕೆಟ್ಟಿರಬಹುದು. ಕೆಟ್ಟ ಮತ್ತು ಒಳ್ಳೆಯ ಸಾಲುಗಳನ್ನು ಬೇರ್ಪಡಿಸುವ ಗುರುತು ಸಿಗದಿದ್ದರೆ ಅಲ್ಲಿಗೆ ನಿಲ್ಲಿಸಿ, ಕಾಗದದ ರಸೀದಿಗಳನ್ನು ತರಿಸಿಕೊಂಡು ಹೋಲಿಸುವುದೊಂದೇ ದಾರಿ.

ಲಕ್ಷಣ: ಇನ್ನೂ ಮುಗಿಯದ ದಾಖಲೆಗಳು ವರದಿಯಲ್ಲಿ ಕಾಣುವುದಿಲ್ಲ

ಶೀತಲಗೃಹದಲ್ಲಿ ಇಂದು ಇರುವ ಚೀಲಗಳ ಪಟ್ಟಿ ಕೇಳಿದರೆ ಒಳಗಿರುವವೇ ಬರದಿದ್ದರೆ ಅಂತ್ಯದ ಕಾಲಂನಲ್ಲಿ ನಲ್ ಇದೆ ಎಂದರ್ಥ. ‘ಅಂತ್ಯ > ಇಂದು’ ಎಂಬ ಹೋಲಿಕೆಗೆ ನಲ್ ಹೌದೂ ಅನ್ನುವುದಿಲ್ಲ, ಇಲ್ಲವೂ ಅನ್ನುವುದಿಲ್ಲ. ಫಲವಾಗಿ ಸಾಲು ಸದ್ದಿಲ್ಲದೆ ಬಿದ್ದುಹೋಗುತ್ತದೆ. ‘ಅಥವಾ ಅಂತ್ಯ ನಲ್’ ಎಂದು ಸೇರಿಸಿದರೆ ಆ ಹೊತ್ತಿಗೆ ಸರಿಹೋಗುತ್ತದೆ, ಆದರೆ ಪ್ರತಿ ಕ್ವೆರಿಯಲ್ಲೂ ಅದನ್ನು ನೆನಪಿಟ್ಟು ಬರೆಯಬೇಕು.

ಕೆಲವರು 9999-12-31 ಎಂದು ತುಂಬುತ್ತಾರೆ. ಹೋಲಿಕೆಗಳು ಸರಳವಾಗುತ್ತವೆ ನಿಜ, ಆದರೆ ಸರಾಸರಿ ದಾಸ್ತಾನು ಅವಧಿ ಕೇಳಿದ ದಿನ ಸಾವಿರಾರು ವರ್ಷಗಳ ಉತ್ತರ ಬರುತ್ತದೆ. ಮೈಎಸ್‌ಕ್ಯೂಎಲ್‌ನ ಟೈಮ್‌ಸ್ಟಾಂಪ್‌ನಲ್ಲಂತೂ ಇದು ಹಿಡಿಸುವುದೇ ಇಲ್ಲ: ಅದರ ಮಿತಿ 2038ರ ಜನವರಿ 19, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8:44:07. ದೀರ್ಘಾವಧಿಯ ಭೋಗ್ಯದ ಕರಾರುಗಳು ಈಗಲೇ ಆ ಮಿತಿಯನ್ನು ಮುಟ್ಟುತ್ತವೆ. ಪೋಸ್ಟ್‌ಗ್ರೆಸ್‌ನ ರೇಂಜಿನಲ್ಲಿ ಮೇಲಿನ ತುದಿಯನ್ನು ಖಾಲಿ ಬಿಟ್ಟರೆ ಅದು ಎಲ್ಲೆಯಿಲ್ಲದ್ದು ಎಂದಾಗುತ್ತದೆ, && ಚಿಹ್ನೆಯೂ ಅದನ್ನು ಸರಿಯಾಗಿ ನಡೆಸಿಕೊಳ್ಳುತ್ತದೆ. ಅಲ್ಲೇ ‘ಇನ್ಫಿನಿಟಿ’ ಎಂಬ ಮೌಲ್ಯವನ್ನು ತುಂಬಿದರೆ ಅದು ಎಲ್ಲೆಯಿಲ್ಲದ್ದಲ್ಲ, ಬಹುದೂರದ ಒಂದು ಎಲ್ಲೆ. ‘ಮೇಲೆ ಎಲ್ಲೆಯಿಲ್ಲವೇ’ ಎಂದು ಕೇಳುವ ಫಂಕ್ಷನ್ ಅದಕ್ಕೆ ‘ಇದೆ’ ಎನ್ನುತ್ತದೆ. ಎರಡೂ ಬಗೆಯವು ಒಂದೇ ಕೋಷ್ಟಕದಲ್ಲಿ ಬೆರೆತಿದ್ದರೆ ಒಂದಕ್ಕೆ ತನ್ನಿ.

ಲಕ್ಷಣ: ಕೆಲವು ಲಾಟುಗಳಿಗೆ ಬಾಡಿಗೆಯೇ ಬಿದ್ದಿಲ್ಲ

ದರದ ಕೋಷ್ಟಕದಲ್ಲಿ ತೂತು ಇದೆ. ಹಳೆಯ ದರ ‘ಮಾರ್ಚ್ 31ರವರೆಗೆ’, ಹೊಸದು ‘ಏಪ್ರಿಲ್ 1ರಿಂದ’ ಎಂದು ಬರೆದು, ಕ್ವೆರಿ ಮಾತ್ರ ಅರೆತೆರೆದ ರೂಪವನ್ನು ನಂಬಿದ್ದರೆ ಮಾರ್ಚ್ 31ಕ್ಕೆ ಯಾವ ದರವೂ ಇಲ್ಲ. ಎರಡು ಕೋಷ್ಟಕಗಳಲ್ಲೂ ಹೊಂದುವ ಸಾಲುಗಳನ್ನಷ್ಟೇ ಜೋಡಿಸುವ ಇನ್ನರ್ ಜಾಯಿನ್ ಆ ದಿನದ ಸಾಲುಗಳನ್ನು ಯಾವ ಸೂಚನೆಯನ್ನೂ ಕೊಡದೆ ಕೈಬಿಡುತ್ತದೆ. ಹೊಂದದ ಸಾಲುಗಳನ್ನೂ ಉಳಿಸಿಕೊಳ್ಳುವ ಲೆಫ್ಟ್ ಜಾಯಿನ್ ಹಾಕಿ, ದರ ನಲ್ ಆಗಿರುವ ಸಾಲುಗಳನ್ನು ಎಣಿಸುವುದು ಸುಲಭದ ಪರೀಕ್ಷೆ.

ತೂತುಗಳನ್ನೆಲ್ಲ ಒಮ್ಮೆಗೇ ಹುಡುಕಲು ಸಾಲುಗಳನ್ನು ಆರಂಭದ ಪ್ರಕಾರ ಜೋಡಿಸಿ ಹಿಂದಿನ ಸಾಲಿನ ಅಂತ್ಯದೊಂದಿಗೆ ಹೋಲಿಸುವುದು ವಾಡಿಕೆ. ಆದರೆ ಒಂದು ದೊಡ್ಡ ಅವಧಿಯೊಳಗೆ ಚಿಕ್ಕದೊಂದು ಅಡಗಿದ್ದರೆ ಈ ಹೋಲಿಕೆ ಇಲ್ಲದ ತೂತನ್ನು ತೋರಿಸುತ್ತದೆ. ಹಿಂದಿನ ಸಾಲಿನ ಅಂತ್ಯವನ್ನಲ್ಲ, ಅದುವರೆಗಿನ ಎಲ್ಲ ಅಂತ್ಯಗಳಲ್ಲಿ ಅತಿ ದೊಡ್ಡದನ್ನು ಹೋಲಿಸಬೇಕು. 2021ರ 14ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್‌ನಲ್ಲಿ ಬಿಡಿ ಅವಧಿಗಳನ್ನೆಲ್ಲ ಒಗ್ಗೂಡಿಸಿ ಮಲ್ಟಿರೇಂಜ್ ಮಾಡುವ ಸೌಲಭ್ಯವಿದೆ; ಇಡೀ ವರ್ಷದ ಮಲ್ಟಿರೇಂಜಿನಿಂದ ಅದನ್ನು ಕಳೆದರೆ ಉಳಿಯುವುದೇ ತೂತುಗಳ ಪಟ್ಟಿ.

ಲಕ್ಷಣ: ರಸ್ತೆಯ ಉದ್ದ ಕೂಡಿದರೆ ತಾಳೆಯಾಗುವುದಿಲ್ಲ

ಕಾಲಕ್ಕೆ ಹೇಳಿದ್ದೆಲ್ಲ ಜಾಗಕ್ಕೂ ಅನ್ವಯಿಸುತ್ತದೆ, ಆದರೆ ರಸ್ತೆಯ ಚೈನೇಜ್ (ಆರಂಭದ ಬಿಂದುವಿನಿಂದ ಅಳೆದ ದೂರ) ತನ್ನದೇ ತಂಟೆಗಳನ್ನು ತರುತ್ತದೆ. ಗುತ್ತಿಗೆದಾರರ ಹಾಳೆಯಲ್ಲಿ 12+400ರಿಂದ 13+250 ಎಂದು, ಅಂದರೆ ಕಿಲೋಮೀಟರಿನ ಮುಂದೆ ಮೀಟರುಗಳನ್ನು ಸೇರಿಸಿ, ಬರೆಯುವ ರೂಢಿಯಿದೆ. ಅದನ್ನು ಹಾಗೆಯೇ ಪಠ್ಯವಾಗಿ ಇಟ್ಟುಕೊಂಡಿದ್ದರೆ 9+800 ಎಂಬುದು 12+400ರ ನಂತರ ಬರುತ್ತದೆ. ಮೊದಲು ಕಾಲಂನ ಬಗೆ ನೋಡಿ. ಫ್ಲೋಟ್ (ಅಂದಾಜು ದಶಮಾಂಶ) ಇದ್ದರೂ ಸರಿಯಲ್ಲ, ದಶಮಾಂಶಗಳು ನಿಖರವಾಗಿ ನಿಲ್ಲದೆ, ತಾಗಿಕೊಂಡಿರಬೇಕಾದ ಎರಡು ಭಾಗಗಳ ನಡುವೆ ಕೂದಲೆಳೆಯ ಬಿರುಕು ಅಥವಾ ಅತಿಕ್ರಮಣ ಕಾಣಿಸಿಕೊಳ್ಳುತ್ತದೆ. ಮೀಟರಿನ ಪೂರ್ಣಾಂಕವೋ ನಿಖರ ದಶಮಾಂಶವೋ ಇರಲಿ.

ಪೂರ್ಣಾಂಕದಲ್ಲೂ ಒಂದು ಬಲೆಯಿದೆ. 0ಯಿಂದ 100 ಮೀಟರ್, ಎರಡೂ ತುದಿ ಸೇರಿ ಎಂದು ಪೂರ್ಣಾಂಕದ ರೇಂಜಿಗೆ ಕೊಟ್ಟರೆ ಅದು [0, 101) ಆಗುತ್ತದೆ, ಉದ್ದ 101 ಬರುತ್ತದೆ. ತಾರೀಖು ಪೆಟ್ಟಿಗೆಯಿದ್ದಂತೆ, ಮೂರು ಪೆಟ್ಟಿಗೆಗಳೆಂದರೆ ಮೂರು ದಿನ. ಮೀಟರ್ ಟೇಪಿನ ಮೇಲಿನ ಗೆರೆ. ಹತ್ತು ಕಂಬ ನೆಟ್ಟರೆ ನಡುವೆ ಒಂಬತ್ತೇ ಅಂತರ. ಚೈನೇಜನ್ನು ಅರೆತೆರೆದ ರೂಪದಲ್ಲಿಯೇ ಕೊಟ್ಟರೆ ಈ ತಪ್ಪು ಹುಟ್ಟುವುದಿಲ್ಲ.

ಆಮೇಲೆ ದಿಕ್ಕು. ಎಡಬದಿಯ ಡಾಂಬರು ಹುಬ್ಬಳ್ಳಿ ಕಡೆಯಿಂದ, ಬಲಬದಿಯದು ಗದಗಿನ ಕಡೆಯಿಂದ ನಡೆದಿದ್ದರೆ ಒಂದು ಬದಿಯ ಸಾಲುಗಳಲ್ಲಿ ‘ಇಂದ’ ದೊಡ್ಡದಾಗಿ ‘ವರೆಗೆ’ ಚಿಕ್ಕದಾಗಿರುತ್ತದೆ. ಚಿಕ್ಕದನ್ನು ಆರಂಭದಲ್ಲಿಟ್ಟು, ಬದಿ ಮತ್ತು ದಿಕ್ಕುಗಳಿಗೆ ಪ್ರತ್ಯೇಕ ಕಾಲಂ ಕೊಡಬೇಕು. ರಸ್ತೆಯ ಹೆಸರನ್ನು ಕೀಯಾಗಿ ಬಳಸುವುದೂ ಬೇಡ. 2010ರ ಮರುಸಂಖ್ಯೀಕರಣದಲ್ಲಿ ಹಾವೇರಿ, ಹುಬ್ಬಳ್ಳಿ, ಧಾರವಾಡಗಳ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 4 ಹೆದ್ದಾರಿ 48 ಆಯಿತು, ಹುಬ್ಬಳ್ಳಿ–ಗದಗ ರಸ್ತೆಯ 63 ಎಂಬುದು 67 ಆಯಿತು. ಹಳೆಯ ಮತ್ತು ಹೊಸ ಸಂಖ್ಯೆಗಳ ಸಾಲುಗಳು ಒಂದೇ ನೆಲದ ಮೇಲೆ ಬಿದ್ದರೂ ಡೇಟಾಬೇಸಿಗೆ ಅವು ಬೇರೆ ರಸ್ತೆಗಳು.

ಎಲ್ಲಕ್ಕಿಂತ ಕಠಿಣವಾದದ್ದು ತಿರುವು ನೇರವಾದಾಗ ಆಗುವ ಪಲ್ಲಟ. ಒಂದು ಕಡೆ 150 ಮೀಟರ್ ಉಳಿತಾಯವಾದರೆ ಅದರ ಮುಂದಿನ ಚೈನೇಜುಗಳೆಲ್ಲ ಅಷ್ಟು ಹಿಂದೆ ಸರಿಯುತ್ತವೆ, ಹಳೆಯ ಅಳತೆ ಪುಸ್ತಕದ ದಾಖಲೆ ಹಳೆಯ ಚೈನೇಜಿನಲ್ಲೇ ಉಳಿಯುತ್ತದೆ. ಆಗ ಪ್ರತಿ ಅಂತರಕ್ಕೂ ಅದು ಯಾವ ಕಾಲದ ಅಳತೆಗೆ ಸೇರಿದ್ದು ಎಂಬ ಅವಧಿಯೂ ಬೇಕು. ಬಿಲ್ ಪಾವತಿಯಾದ ಹಳೆಯ ಚೈನೇಜುಗಳನ್ನು ಹೊಸದಕ್ಕೆ ತಿದ್ದಿ ಬರೆಯುವುದನ್ನು ನಾನು ಮಾಡುವುದಿಲ್ಲ, ಇನ್ನೊಂದು ಕೋಷ್ಟಕದಲ್ಲಿ ಹೊಂದಾಣಿಕೆಯನ್ನು ಬರೆದಿಡುತ್ತೇನೆ. ಯಾವ ಅಳತೆ ಅಧಿಕೃತ ಎಂಬ ಪ್ರಶ್ನೆ ಎದ್ದರೆ ಅದು ಸ್ಥಳದ ಎಂಜಿನಿಯರರದ್ದು.

ಲಕ್ಷಣ: ಡಿಕ್ಕಿಯಿಲ್ಲದಿದ್ದರೂ ಡಿಕ್ಕಿ ಎನ್ನುತ್ತದೆ

ಕಾಲ ಮತ್ತು ಜಾಗ ಎರಡೂ ಇರುವ ಕೋಷ್ಟಕದಲ್ಲಿ ಒಂದನ್ನು ಮಾತ್ರ ಪರೀಕ್ಷಿಸಿದಾಗ ಹೀಗಾಗುತ್ತದೆ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮನ್ನು ನೆನೆಸಿಕೊಳ್ಳಿ. ಅದರ ಉದ್ದ 1507 ಮೀಟರ್. 24 ಬೋಗಿಗಳ ಗಾಡಿ ಅರ್ಧ ಕಿಲೋಮೀಟರಿಗಿಂತ ತುಸು ಹೆಚ್ಚು ಉದ್ದವಿರುತ್ತದೆಯಾದ್ದರಿಂದ ಎರಡು ಗಾಡಿಗಳು ಒಂದೇ ಹೊತ್ತಿನಲ್ಲಿ ಅದರ ಎರಡು ಭಾಗಗಳಲ್ಲಿ ನಿಲ್ಲಬಹುದು. ‘ಪ್ಲಾಟ್‌ಫಾರ್ಮ್ ಒಂದೇ, ಹೊತ್ತು ಒಂದೇ’ ಎಂದು ನೋಡುವ ನಿರ್ಬಂಧ ಇದನ್ನು ತಡೆಯುತ್ತದೆ. ಪ್ಲಾಟ್‌ಫಾರ್ಮ್ ಸಮನಾಗಿದ್ದು, ಹೊತ್ತು ಹಾಯ್ದು, ಜಾಗವೂ ಹಾಯ್ದರೆ ಮಾತ್ರ ಡಿಕ್ಕಿ ಎಂದು ಮೂರನ್ನೂ ಒಂದೇ ಎಕ್ಸ್‌ಕ್ಲೂಷನ್ ನಿರ್ಬಂಧದಲ್ಲಿ ಬರೆಯಬೇಕು. ಶೀತಲಗೃಹದ ರ‍್ಯಾಕುಗಳಿಗೂ ಇದೇ ನಿಯಮ: ರ‍್ಯಾಕಿನ ಸಂಖ್ಯೆ, ದಿನಗಳ ಅವಧಿ, ಸ್ಥಾನಗಳ ಅಂತರ.

ಲಕ್ಷಣ: ಎಲ್ಲ ಸರಿಯಿದೆ, ಆದರೆ ತುಂಬ ನಿಧಾನ

ಮೊದಲು ‘ಅನಲೈಸ್’ ನಡೆಸಿ ಅಂಕಿಅಂಶಗಳನ್ನು ಹೊಸದು ಮಾಡಿ. ಕಾಲಂನ ಸುತ್ತ ಫಂಕ್ಷನ್ ಸುತ್ತಿದ್ದರೆ ಬಿಚ್ಚಿ, ಏಕೆಂದರೆ ‘ತಾರೀಖು(ಆರಂಭ) = ಇಂದು’ ಎಂದು ಬರೆದಾಗ ಆರಂಭದ ಸಾದಾ ಇಂಡೆಕ್ಸ್ ಬಳಕೆಗೆ ಬರುವುದಿಲ್ಲ. ಅಷ್ಟಕ್ಕೂ ಸರಿಹೋಗದಿದ್ದರೆ ಕಾರಣ ಸಾಮಾನ್ಯವಾಗಿ ಇದು: ಆರಂಭ ಮತ್ತು ಅಂತ್ಯಗಳ ಮೇಲಿನ ಬಿಟ್ರೀ (ಸಾಮಾನ್ಯ ಬಗೆಯ) ಇಂಡೆಕ್ಸಿಗೆ ‘ಇದಕ್ಕಿಂತ ಮೊದಲು ಶುರುವಾದವು’ ಎಂದು ಕೇಳಿದರೆ ಇತಿಹಾಸವೆಲ್ಲ ಆ ಗುಂಪಿಗೆ ಬರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ರೇಂಜಿನ ಮೇಲೆ, ಅವಧಿಗಳನ್ನು ಹುಡುಕಬಲ್ಲ ಜಿಸ್ಟ್ ಇಂಡೆಕ್ಸ್ ಕಟ್ಟಿ. ಮೈಎಸ್‌ಕ್ಯೂಎಲ್‌ನಲ್ಲಿ, ಯಾವ ಬುಕಿಂಗೂ ಐದು ದಿನ ಮೀರದು ಎಂದು ಖಚಿತವಿದ್ದರೆ ‘ಆರಂಭ > ಕೇಳಿದ ಹೊತ್ತು − 5 ದಿನ’ ಎಂಬುದನ್ನೂ ಸೇರಿಸಿದರೆ ಹುಡುಕಾಟದ ಹರವು ಕಿರಿದಾಗುತ್ತದೆ. ಆ ಐದು ದಿನದ ಮಿತಿಯನ್ನು ಚೆಕ್ ಆಗಿ ಬರೆಯುವುದು ಅನಿವಾರ್ಯ, ಇಲ್ಲದಿದ್ದರೆ ಆರು ದಿನದ ಮೊದಲ ಬುಕಿಂಗ್ ಬಂದ ದಿನ ಉತ್ತರವೇ ತಪ್ಪುತ್ತದೆ. 8.0.16ಕ್ಕಿಂತ ಹಳೆಯ ಮೈಎಸ್‌ಕ್ಯೂಎಲ್ ಚೆಕ್ಕನ್ನು ಓದಿ ಸುಮ್ಮನಿರುತ್ತದೆ, ಜಾರಿಗೊಳಿಸುವುದಿಲ್ಲ ಎಂಬುದನ್ನು ಗಮನಿಸಿ. ಉದ್ದಕ್ಕೆ ಮಿತಿಯೇ ಇಲ್ಲದ ಅವಧಿಗಳಿಗೆ 2000ರಲ್ಲಿ ಪ್ರಕಟವಾದ ರಿಲೇಷನಲ್ ಇಂಟರ್ವಲ್ ಟ್ರೀ ಎಂಬ ಉಪಾಯವಿದೆ: ಪ್ರತಿ ಅವಧಿಗೂ ಕಾಲ್ಪನಿಕ ಮರವೊಂದರ ಗೆಣ್ಣಿನ ಸಂಖ್ಯೆ ಕೊಟ್ಟು, ಗೆಣ್ಣು–ಆರಂಭ ಮತ್ತು ಗೆಣ್ಣು–ಅಂತ್ಯ ಎಂಬ ಎರಡು ಸಾದಾ ಇಂಡೆಕ್ಸುಗಳಿಂದಲೇ ಕೆಲಸ ತೆಗೆಯುವುದು. ಅದನ್ನು ಕೈಯಾರೆ ಕಟ್ಟುವ ಮಟ್ಟಕ್ಕೆ ಬಂದಿದ್ದರೆ ಅನುಭವಿಯೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳುವುದು ಒಳಿತು.

ನೆರವು ಕೇಳಲು ಹೋಗುವಾಗ ಡೇಟಾಬೇಸಿನ ಆವೃತ್ತಿ, ಪ್ರೋಗ್ರಾಂ ಸಂಪರ್ಕದ ಟೈಮ್‌ಝೋನ್, ಕೋಷ್ಟಕದ ರಚನೆ, ಮತ್ತು ತಪ್ಪು ಕಾಣುವ ಎರಡೇ ಎರಡು ಸಾಲುಗಳನ್ನು ಗ್ರಾಹಕರ ಹೆಸರು ಮತ್ತು ಫೋನ್ ಸಂಖ್ಯೆ ಅಳಿಸಿ ಒಯ್ಯಿರಿ. ಆ ಕೋಷ್ಟಕದಲ್ಲಿ ‘ವರೆಗೆ’ ಎಂದರೆ ಕೊನೆಯದು ಸೇರಿದೆಯೋ ಇಲ್ಲವೋ ಎಂಬುದನ್ನು ಮಾಲೀಕರಿಂದ ಕೇಳಿ ಒಂದು ಸಾಲಿನಲ್ಲಿ ಬರೆದುಕೊಂಡು ಹೋಗಿ. ಎದುರಿಗೆ ಕುಳಿತವರು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.